ಬಾಲದ ಬೇನೆಗೆ ಬಣವಿಯ ಮದ್ದು

ಬನದ ಹುಣ್ಣಿಮೆಯ ಸುಮಾರಿಗೆ ಬಾದಾಮಿಯ ಬನಶಂಕರಿಯಲ್ಲಿ ನೆರೆಯುವ ದನಗಳ ಜಾತ್ರೆಯಲ್ಲಿ ಖಿಲಾರಿ ಹೋರಿಯನ್ನು ಕೊಳ್ಳಬಂದ ಅನುಭವಿ ರೈತನು ಕೋಡು, ಹಲ್ಲು, ಗೊರಸು, ಸುಳಿಗಳನ್ನು ಪರೀಕ್ಷಿಸಿದ ಮೇಲೆ ಬಾಲವನ್ನೂ ಕುಚ್ಚಿನವರೆಗೆ ಒಮ್ಮೆ ಸವರಿ ನೋಡಿದನಾದರೆ ಅದು ವಿವೇಕದ ಕಾರ್ಯವೇ ಸರಿ. ಹೃದಯದಿಂದ ಬಹುದೂರದಲ್ಲಿದ್ದು, ಮಾಂಸವು ಅತ್ಯಲ್ಪವಾಗಿ, ಸೂಕ್ಷ್ಮ ರಕ್ತನಾಳಗಳನ್ನೇ ನೆಚ್ಚಿಕೊಂಡಿರುವ ಬಾಲದ ತುದಿಯು ಮೇವಿನೊಳಗಣ ಕೆಲವು ವಿಷಗಳನ್ನು ಮೊದಲು ಪ್ರಕಟಪಡಿಸುವ ಅಂಗಗಳಲ್ಲೊಂದು.

ಈಗ ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ದೇಘ್ ನಾಲಾ ಎಂಬ ಹಳ್ಳದ ಸೀಮೆಯಲ್ಲಿ 1930ರ ಸುಮಾರಿಗೆ ಎಮ್ಮೆಗಳಲ್ಲಿ ಕಾಣಿಸಿಕೊಂಡು ಡೆಗ್ನಾಲಾ ಎಂಬ ಹೆಸರನ್ನು ಪಡೆದ ವ್ಯಾಧಿಗೆ, ತೇವವುಂಡ ನೆಲ್ಲುಹುಲ್ಲಿನಲ್ಲಿ ಬೆಳೆಯುವ ಫ್ಯುಸೇರಿಯಂ ಮೊದಲಾದ ಶಿಲೀಂಧ್ರಗಳ ನಂಜೇ ಕಾರಣವೆಂದು ಪಶುವೈದ್ಯರು ಬಹುಮಟ್ಟಿಗೆ ಒಪ್ಪಿದ್ದಾರೆ. ಆ ನಂಜಿನಿಂದ ರಕ್ತನಾಳಗಳು ಸಂಕೋಚಗೊಳ್ಳಲು, ಚಳಿಗಾಲದ ಶೈತ್ಯವೂ ಅದಕ್ಕೆ ನೆರವಾಗಲು, ಬಾಲದ ತುದಿ, ಕಿವಿಯಂಚು, ಕಾಲಿನ ಕೆಳಭಾಗಗಳು ಬಾತು, ತಣ್ಣಗಾಗಿ, ಕಡೆಗೆ ಕಪ್ಪಿಟ್ಟು ಒಣಗಿ ಉದುರುವುವು.

ಜೋಳದ ಕಣಿಕೆಯ ನಾಡಾದ ಹುನಗುಂದ, ಬಾಗಲಕೋಟೆಗಳಿಗೆ ನೆಲ್ಲುಹುಲ್ಲಿನ ಈ ರೋಗದ ಗೊಡವೆಯೇಕೆಂದು ಕೇಳುವವರು ಇರಬಹುದು. ಆದರೆ ತುಂಗಭದ್ರೆಯ ಅಚ್ಚುಕಟ್ಟಿನ ನೆಲ್ಲಿನ ಸೀಮೆಗಳಾದ ಸಿಂಧನೂರು, ಗಂಗಾವತಿಗಳು ಹುನಗುಂದದ ನೆರೆಯ ಇಳಕಲ್ಲಿಗೆ ದೂರವಲ್ಲ. ಬರದ ವರ್ಷ ಅಲ್ಲಿಯ ಹುಲ್ಲು ಲಾರಿಯೇರಿ ಇತ್ತ ಬಂದರೆ ಆಶ್ಚರ್ಯವೇನು? ಕಣಿಕೆಯಾದರೂ ನೆನೆದರೆ ಬೂಸ್ಟು ಹಿಡಿಯದೆ ಬಿಡದು. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಪಟ್ಟದಕಲ್ಲಿನ ದೇಗುಲಗಳ ಆವರಣಕ್ಕೇ ನುಗ್ಗಿದಾಗ, ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆದಂಡೆಯ ಬಣವಿಗಳು ಒಣಗಿಯೇ ಉಳಿದಿರಲು ಹೇಗೆ ಸಾಧ್ಯ?

ಆದರೆ ನಿದಾನದಲ್ಲಿ ಆತುರ ಸಲ್ಲದು. ಬಾಲ ತಿರುಚಿ ಎತ್ತನ್ನು ಓಡಿಸುವ ಬಂಡಿಯವರ ಕ್ರೌರ್ಯದಿಂದ ಬಾಲದ ಎಲುಬು ಮುರಿದೋ, ಗಾಯದ ಮೇಲೆ ನೊಣ ಕುಳಿತು ಹುಳ ಬಿದ್ದೋ ಕೊಳೆಯುವುದೂ ಉಂಟು. ಅಂಥದು ಸಾಮಾನ್ಯವಾಗಿ ಆ ಒಂದು ದನದ ಬಾಲಕ್ಕೇ ನಿಲ್ಲುವುದು. ಒಂದೇ ಕೊಟ್ಟಿಗೆಯ ಹಲವು ದನಗಳಲ್ಲಿ, ಬಾಲದ ಜೊತೆಗೆ ಕಿವಿ, ಕಾಲುಗಳಲ್ಲಿಯೂ ಲಕ್ಷಣಗಳು ತೋರಿದರೆ ಮಾತ್ರ ಬಣವಿಯನ್ನು ಬಗೆದು, ಒಳಗಿನ ಕರಿಯ ಬೂಸ್ಟನ್ನು ಹುಡುಕಬೇಕು. ಸೂಜಿಯಿಂದ ಚುಚ್ಚಿದರೂ ದನವು ಬಾಲವನ್ನೆಳೆದುಕೊಳ್ಳದಿದ್ದರೆ ಆ ಭಾಗದ ಜೀವ ಹೋಗಿದೆಯೆಂದೇ ಶಂಕಿಸಬೇಕು.

ಬರೆಯೆಳೆಯುವ ಹಳೆಯ ಚಿಕಿತ್ಸೆಯು ಹುಣ್ಣಿಗೆ ಮತ್ತೊಂದು ಹುಣ್ಣನ್ನು ಕೂಡಿಸುವುದಷ್ಟೆ. ಮೊದಲ ಔಷಧವು ಮೇವನ್ನು ಬದಲಿಸುವುದೇ. ಬಳಿಕ ಪೊಟ್ಯಾಸಿಯಂ ಪರ್ಮಾಂಗನೇಟಿನ ತೆಳುನೀರಿನಿಂದ ಹುಣ್ಣನ್ನು ತೊಳೆದು, ಕಬ್ಬಿಣ, ತಾಮ್ರ, ಸತು, ಕೋಬಾಲ್ಟ್, ಮೆಗ್ನೀಸಿಯಂಗಳೆಂಬ ಐದರ ಸಲ್ಫೇಟುಗಳ ಮಿಶ್ರಣವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತಿನ್ನಿಸುವ ಪದ್ಧತಿಯಿದೆ. ಕೊಳೆತವು ಮೇಲೇರುತ್ತಿದ್ದರೆ ಛೇದನವೇ ಗತಿ. ಬಾಲದ ಬುಡದಲ್ಲಿ ಮರವಳಿಕೆಯ ಚುಚ್ಚುಮದ್ದನ್ನು ಕೊಟ್ಟು, ಜೀವವುಳಿದ ಭಾಗದ ಎರಡು ಎಲುಬುಗಳ ಸಂದಿನಲ್ಲಿ ಕತ್ತರಿಸಿ, ತೊಗಲನ್ನು ಮುಚ್ಚಿ ಹೊಲಿಯುವರು. ಬಾಲ ಹೋದರೂ ಎಮ್ಮೆ ಹಾಲೇನೋ ಕೊಡುವುದು. ನೊಣವನ್ನು ಓಡಿಸುವ ಕೆಲಸ ಮಾತ್ರ ಒಡೆಯನ ಪಾಲಿಗೆ ಬರುವುದು.

ಉಳಿದುದು ಆ ಬಣವಿಯ ಮಾತು. ಬೂಸ್ಟು ಹಿಡಿದ ಹುಲ್ಲನ್ನು ಬಿಸಿಲಿಗೆ ಹರವಿದರೆ ಕಮಟು ಹೋಗಬಹುದು, ನಂಜು ಹೋಗದು; ಕೊಟ್ಟಿಗೆಯಲ್ಲಿ ಹಾಸಿದರೂ ಹಸಿದ ದನ ಅದಕ್ಕೆ ಬಾಯಿ ಹಾಕದೆ ಬಿಡದು. ಅದನ್ನು ತಿಪ್ಪೆಗುಂಡಿಗೆ ಸೇರಿಸತಕ್ಕದ್ದು.