ಸುಕ್ಕಿನೊಳಗಿನ ಬಣ್ಣ

ಬ್ಯಾಡಗಿ ಮೆಣಸಿನಕಾಯಿಗೂ
ಮುಪ್ಪಿನ ನಟನಿಗೂ ಏನು ಸಂಬಂಧ?

2011ರಲ್ಲಿ ಭೌಗೋಳಿಕ ಸೂಚಕ, ಅಂದರೆ ಊರಿನ ಹೆಸರು ಹೊತ್ತ ಉತ್ಪನ್ನಕ್ಕೆ ದೊರೆಯುವ ಕಾನೂನಿನ ರಕ್ಷಣೆ, ಪಡೆದ ಈ ಕಾಯಿ
ಮೈಯೆಲ್ಲ ಸುಕ್ಕಾಗಿದ್ದರೂ
ಖಾರಕ್ಕಿಂತ ಕಡುಗೆಂಪು ಬಣ್ಣಕ್ಕೆ ಹೆಸರಾಗಿದೆ;
ಮುಪ್ಪಿನ ನಟನೂ ಹಾಗೆಯೇ:
ಮೈ ಸುಕ್ಕಾದರೂ ಬಣ್ಣ ಮಾಸದು.

ಅಂಥ ರಂಗನಟ ಏಣಗಿ ಬಾಳಪ್ಪ ಹುಟ್ಟಿದ್ದು 1914ರಲ್ಲಿ, ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ.
ಹೆಂಗಸರು ರಂಗವೇರುವುದು ಅಪರೂಪವಾಗಿದ್ದ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ ಬೆಳೆದ ಅವರು,
ಮುಂದೆ ಕಲಾವೈಭವ ನಾಟ್ಯಸಂಘ ಎಂಬ ವೃತ್ತಿ ಕಂಪನಿಯನ್ನು,
ಅಂದರೆ ಟಿಕೆಟ್ ಹಣದಿಂದಲೇ ಬದುಕುತ್ತ ಊರೂರಲ್ಲಿ ಕ್ಯಾಂಪು ಹಾಕುವ ತಂಡವನ್ನು, ಕಟ್ಟಿ
‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನಾಗಿ ಮನೆಮಾತಾದರು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ:
ಸುಗ್ಗಿ ಮುಗಿದು ಕೈಯಲ್ಲಿ ಕಾಸಾಡುವ ಹೊತ್ತಿಗೆ ಜಾತ್ರೆಯೂ ಕೂಡಿಬರುವ ಇಂಥ ಪೇಟೆಗಳೇ
ಉತ್ತರ ಕರ್ನಾಟಕದ ನಾಟಕ ಕಂಪನಿಗಳ ಅನ್ನದ ಬಟ್ಟಲಾಗಿದ್ದವು.

ಬಾಳಪ್ಪ ಕೆಲವು ಚಲನಚಿತ್ರಗಳಲ್ಲೂ ನಟಿಸಿದರು;
ಆದರೆ ರಂಗಭೂಮಿ ಅವರಿಂದ ಪಡೆದಷ್ಟನ್ನು ಸಿನಿಮಾ ಪಡೆಯಲಿಲ್ಲ ಎಂದೇ ಹೇಳಬೇಕು.

ಆ ಬದುಕನ್ನು ತಿರುಗಿ ನೋಡುವ ಅವರ ಆತ್ಮಕಥನ,
ಗಣೇಶ ಅಮೀನಗಡ ನಿರೂಪಿಸಿದ ‘ಬಣ್ಣದ ಬದುಕಿನ ಚಿನ್ನದ ದಿನಗಳು’.

ಬಾಳಪ್ಪ 2017ರ ಆಗಸ್ಟ್ 18ರಂದು ನಿಧನರಾದರು;
ಆಗ ಅವರ ವಯಸ್ಸು 103.