ಮುಸ್ಸಂಜೆಗೆ ಕಣ್ತೆರೆಯುವ ಹೊಗೆಸೊಪ್ಪಿನ ಹೂ

ಮಧ್ಯಾಹ್ನದ ಬಿಸಿಲಲ್ಲಿ ನಿಕೋಟಿಯಾನಾ ಗಿಡವನ್ನು ನೋಡಿದವರಿಗೆ ಅಯ್ಯೋ ಎನಿಸುತ್ತದೆ. ಹೂಗಳೆಲ್ಲ ಮುದುಡಿ ಜೋತುಬಿದ್ದಿರುತ್ತವೆ. ಮೊದಲ ವರ್ಷ ನಾನೂ ಗಿಡಕ್ಕೆ ನೀರು ಸಾಲದೆಂದು ಎರಡು ಹೊತ್ತೂ ಹೊಯ್ದೆ. ಬೇರು ಕೊಳೆತು ಮೂರು ಕುಂಡದ ಗಿಡಗಳು ಹೋದವು. ಉಳಿದ ಒಂದು ಗಿಡ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಿಳಿ ನಕ್ಷತ್ರಗಳಂಥ ಹೂಗಳನ್ನು ಬಿಚ್ಚಿ ನಿಂತಾಗಲೇ ಅದರ ದಿನಚರಿ ನನಗೆ ಅರ್ಥವಾದದ್ದು. ಈಗ ನಾನು ಹೂವನ್ನು ನೋಡಿ ನೀರು ಹಾಕುವುದಿಲ್ಲ, ಎಲೆ ನೋಡಿ ಹಾಕುತ್ತೇನೆ. ಬೆಳಿಗ್ಗೆಯ ತಂಪಿನಲ್ಲೂ ಎಲೆ ಜೋತಿದ್ದು ಮಣ್ಣು ಒಣಗಿದ್ದರೆ ಮಾತ್ರ ಗಿಡಕ್ಕೆ ಬಾಯಾರಿದೆ ಎಂದರ್ಥ.

ಇದು ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಬೆಳೆಯುವ ಹೊಗೆಸೊಪ್ಪಿನ ಕುಲದ್ದೇ ಗಿಡ. 1560ರ ಸುಮಾರಿಗೆ ಪೋರ್ಚುಗಲ್‌ನಿಂದ ಫ್ರಾನ್ಸಿನ ಅರಮನೆಗೆ ಹೊಗೆಸೊಪ್ಪು ಕಳಿಸಿದ ರಾಯಭಾರಿ ಜ್ಯಾಂ ನಿಕೋ ಹೆಸರನ್ನು ಮುಂದೆ ಸಸ್ಯವಿಜ್ಞಾನಿ ಲಿನೇಯಸ್ ಈ ಕುಲಕ್ಕಿಟ್ಟ. ಹೂವಿಗಾಗಿ ಬೆಳೆಸುವವುಗಳಲ್ಲಿ ಮುಖ್ಯವಾದ ಜಾತಿಗಳು ಎರಡು. ಅಲಾಟಾ ದಕ್ಷಿಣ ಬ್ರೆಜಿಲ್ ಮತ್ತು ಉತ್ತರ ಅರ್ಜೆಂಟೀನಾ ಕಡೆಯದು. ಆಳೆತ್ತರ ಬೆಳೆದು ಗೊಂಚಲು ಗೊಂಚಲಾಗಿ ಉದ್ದ ಕೊಳವೆಯ ಹೂ ಇಳಿಬಿಡುವ ಸಿಲ್ವೆಸ್ಟ್ರಿಸ್ ಆಂಡಿಸ್ ಪರ್ವತಗಳ ಕಡೆಯದು. ಹೊಲದ ಹೊಗೆಸೊಪ್ಪು ಎರಡು ಕಾಡುಜಾತಿಗಳು ಬೆರೆತು ಹುಟ್ಟಿದ ಬೆಳೆ, ಆ ಎರಡರಲ್ಲಿ ಸಿಲ್ವೆಸ್ಟ್ರಿಸ್ ಒಂದು. ಹೊಲದಲ್ಲಿ ಎಲೆ ದಪ್ಪವಾಗಲೆಂದು ರೈತರು ಹೂಗೊನೆಯನ್ನು ಮುರಿದುಹಾಕುತ್ತಾರೆ. ಅವರು ಮುರಿದೆಸೆಯುವುದನ್ನೇ ನಾವು ಕುಂಡದಲ್ಲಿ ಕಾದು ಬೆಳೆಸುತ್ತೇವೆ.

ಈ ಹೂವಿನ ಜೀವಾಳವೇ ಪರಿಮಳ. ಕತ್ತಲಾದಂತೆ ಹೂ ಅರಳಿ ಗಂಧ ಏರುತ್ತದೆ, ಸುಗಂಧರಾಜಕ್ಕಿಂತ ತೆಳು, ಮಲ್ಲಿಗೆಗಿಂತ ತುಸು ಖಾರ. ಉದ್ದ ಕೊಳವೆಯ ತಳದಲ್ಲಿರುವ ಮಕರಂದಕ್ಕೆ ಹಾಕ್‌ಮಾತ್ ಎನ್ನುವ ದಪ್ಪ ಪತಂಗಗಳು ಬರುತ್ತವೆ. ಹೂವಿನ ಮೇಲೆ ಕೂರದೆ, ಗಾಳಿಯಲ್ಲೇ ನಿಂತು ಹೀರುನಾಳ ಇಳಿಸುತ್ತವೆ. ಬಿಳಿ ಬಣ್ಣ, ರಾತ್ರಿಯ ಗಂಧ, ಉದ್ದ ಕೊಳವೆ ಎಲ್ಲವೂ ಆ ಅತಿಥಿಗಾಗಿ. ತಳಿಗಾರರು ಗಿಡವನ್ನು ಗಿಡ್ಡ ಮಾಡಿ, ಹಗಲೂ ಅರಳಿರುವಂತೆ ತಿದ್ದಿ, ಕೆಂಪು, ಗುಲಾಬಿ, ತಿಳಿಹಸಿರು ಬಣ್ಣ ತಂದರು. ಆ ತಳಿಗಳಲ್ಲಿ ಹೆಚ್ಚಿನವು ಪರಿಮಳವನ್ನು ಬಹುಪಾಲು ಕಳೆದುಕೊಂಡಿವೆ. ನನ್ನ ಮಟ್ಟಿಗೆ ಅದು ನಷ್ಟದ ವ್ಯಾಪಾರ. ಹಗಲಿಗೆ ಬಣ್ಣ ಬೇಕೆನ್ನುವವರಿಗೆ ಪೆಟೂನಿಯಾ ಇದೆ.

ಬೆಂಗಳೂರು, ಮೈಸೂರಿನ ಹವೆಗೆ ಇದು ಚಳಿಗಾಲದ ಗಿಡ. ಮಳೆ ಕಡಿಮೆಯಾಗುತ್ತಾ ಬಂದಂತೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಬಿತ್ತಬೇಕು. ಬೀಜ ರಾಗಿಗಿಂತ ಎಷ್ಟೋ ಸಣ್ಣದು, ಧೂಳಿನಂತೆ. ಹೊಗೆಸೊಪ್ಪಿನ ರೈತರು ಬೀಜವನ್ನು ನೀರಲ್ಲಿ ಕಲಸಿ ಹೂಝಾರಿಯಿಂದ ಸಸಿಮಡಿಗೆ ಚಿಮುಕಿಸುವುದು ಇದಕ್ಕೇ. ಮನೆಯಲ್ಲಿ ಒಂದು ಚಿಟಿಕೆ ಬೀಜವನ್ನು ಒಣ ಮರಳಿನೊಡನೆ ಬೆರೆಸಿ ಉದುರಿಸಿದರೆ ಸಾಕು. ಮೇಲೆ ಮಣ್ಣು ಮುಚ್ಚಬೇಡಿ, ಬೆಳಕು ತಾಕಿದರೇ ಮೊಳಕೆ. ಮೇಲಿನಿಂದ ನೀರು ಸುರಿದರೆ ಬೀಜ ಒಂದು ಮೂಲೆಗೆ ಸೇರುತ್ತದೆ, ಆದ್ದರಿಂದ ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಹೀರಿಸಿ. ಎರಡು ವಾರದಲ್ಲಿ ಹಸಿರು ಚುಕ್ಕಿಗಳು ಕಾಣುತ್ತವೆ. ನಾಲ್ಕೆಲೆ ಬಿಟ್ಟ ಮೇಲೆ ಬಿಡಿಸಿ ನೆಡಿ. ನೀರು ಬಸಿಯುವ ಮಣ್ಣು, ಎರೆಗೊಬ್ಬರ, ಬೆಳಗಿನ ಬಿಸಿಲು, ಮಧ್ಯಾಹ್ನದ ನಂತರ ನೆರಳು ಇಷ್ಟು ಸಿಕ್ಕರೆ ಗಿಡ ಸುಖವಾಗಿರುತ್ತದೆ. ಎತ್ತರದ ಜಾತಿಗೆ ಕೋಲಿನ ಆಸರೆ ಕೊಡಿ. ಬಾಡಿದ ಹೂಗೊನೆ ಕತ್ತರಿಸಿದರೆ ಹೊಸದು ಬರುತ್ತದೆ.

ಎಲೆ, ಕಾಂಡ ಮುಟ್ಟಿದರೆ ಕೈಗೆ ಅಂಟು. ಸಣ್ಣ ಹುಳುಗಳು ಆ ರೋಮಗಳಿಗೆ ಅಂಟಿ ಸಾಯುತ್ತವೆ, ಆದರೂ ಗಿಡಹೇನು, ಬಿಳಿನೊಣ, ಎಲೆ ತಿನ್ನುವ ಕಂಬಳಿಹುಳು ಬಿಡುವುದಿಲ್ಲ. ನನಗೆ ಹೆಚ್ಚು ಭಯ ಮೊಸಾಯಿಕ್ ನಂಜುರೋಗದ್ದು. ಜಗತ್ತಿನಲ್ಲಿ ಮೊದಲು ಪತ್ತೆಯಾದ ವೈರಸ್ ಈ ರೋಗದ್ದೇ. 1898ರಲ್ಲಿ ವಿಜ್ಞಾನಿ ಬೈಯರಿಂಕ್ ಅದನ್ನು ಬ್ಯಾಕ್ಟೀರಿಯಾದಿಂದ ಬೇರೆಯದೆಂದು ಗುರುತಿಸಿ ವೈರಸ್ ಎಂದು ಕರೆದ. ಒಣಗಿದ ಹೊಗೆಸೊಪ್ಪಿನಲ್ಲೂ ಅದು ವರ್ಷಗಟ್ಟಲೆ ಉಳಿಯುತ್ತದೆ. ಬೀಡಿ, ಸಿಗರೇಟು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಈ ಗಿಡ ಮುಟ್ಟಬಾರದು. ಟೊಮೆಟೊ, ಮೆಣಸಿನಕಾಯಿ, ಬದನೆ ಕುಂಡಗಳ ಪಕ್ಕ ಇಡಬಾರದು. ಎಲ್ಲವೂ ಒಂದೇ ಕುಟುಂಬದವು, ರೋಗ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಎಲೆಯಲ್ಲಿ ಹಳದಿ-ಹಸಿರು ಮಚ್ಚೆ ಕಂಡ ಗಿಡವನ್ನು ಕಿತ್ತು ದೂರ ಹಾಕಿ, ಗೊಬ್ಬರದ ಗುಂಡಿಗೆ ಬೇಡ.

ಗಿಡದ ಎಲ್ಲ ಭಾಗವೂ ವಿಷ. ಎಳೆಮಕ್ಕಳು, ನಾಯಿ, ಕರುಗಳಿಗೆ ಎಟುಕದ ಕಡೆ ಇಡಿ. ಆದರೆ ನಿಮ್ಮಿಂದ ದೂರ ಇಡಬೇಡಿ. ರಾತ್ರಿ ಊಟವಾದ ಮೇಲೆ ನೀವು ಕೂರುವ ಜಗುಲಿ, ಮಲಗುವ ಕೋಣೆಯ ಕಿಟಕಿ ಇದರ ಜಾಗ. ಬೀಜದ ಪೊಟ್ಟಣ ಕೊಳ್ಳುವಾಗ ಬಣ್ಣದ ಚಿತ್ರಕ್ಕೆ ಮರುಳಾಗದೆ ಅಲಾಟಾ ಅಥವಾ ಸಿಲ್ವೆಸ್ಟ್ರಿಸ್ ಎಂಬ ಹೆಸರಿದೆಯೇ ಎಂದು ಓದಿ, ಬಿಳಿ ಹೂವಿನದನ್ನೇ ಕೇಳಿ ತನ್ನಿ.