ಸೂಟ್‌ಕೇಸಿನಲ್ಲಿ ಉಳಿದ ಮಕ್ಕಳ ಚಿತ್ರಗಳು

ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೊಂದು ಹೆಂಚಿನ ಮನೆ, ಪಕ್ಕದಲ್ಲಿ ತೆಂಗಿನ ಮರ. ಚಿತ್ರ ಬರೆಯಿರಿ ಎಂದರೆ ನಮ್ಮ ಶಾಲೆಗಳ ಬಹಳಷ್ಟು ಮಕ್ಕಳ ಕೈಯಿಂದ ಮೂಡುವುದು ಇದೇ. ಗುಡ್ಡವನ್ನೇ ಕಾಣದ ಬಯಲುಸೀಮೆಯ ಮಗುವೂ ಗುಡ್ಡ ಬರೆಯುತ್ತದೆ. ಕರಿಹಲಗೆಯ ಮೇಲೆ ಮೇಷ್ಟ್ರು ಬರೆದದ್ದನ್ನು ನಕಲು ಮಾಡುವುದೇ ಚಿತ್ರಕಲೆ ಎಂಬ ಭಾವನೆ ಅಷ್ಟು ಆಳವಾಗಿ ಬೇರೂರಿದೆ. ಮಗುವಿನ ಒಳಗಿರುವ ಸಿಟ್ಟು, ಭಯ, ಸಂಕಟಗಳಿಗೆ ಅಲ್ಲಿ ಜಾಗವೆಲ್ಲಿ?

ಈ ನಕಲು ಪದ್ಧತಿಯನ್ನು ಯೂರೋಪಿನಲ್ಲಿ ಮೊದಲಿಗೆ ವಿರೋಧಿಸಿದವರಲ್ಲಿ ಆಸ್ಟ್ರಿಯದ ಫ್ರಾಂಜ್ ಚಿಜೆಕ್ ಒಬ್ಬರು. 1897ರಲ್ಲಿ ವಿಯೆನ್ನಾ ನಗರದಲ್ಲಿ ಮಕ್ಕಳಿಗೆಂದೇ ಕಲಾ ತರಗತಿ ತೆರೆದ ಅವರು, ಮಕ್ಕಳು ತಮಗೆ ತೋಚಿದ್ದನ್ನು ಬರೆಯಲಿ ಎಂದರು. ಅವರ ಬಳಿ ಕಲಿತವರಲ್ಲಿ 1898ರಲ್ಲಿ ಹುಟ್ಟಿದ ಯಹೂದಿ ಯುವತಿ ಫ್ರೀಡ್ಲ್ ಡಿಕರ್ ಕೂಡ ಇದ್ದರು. ಮುಂದೆ ಯೋಹಾನೆಸ್ ಇಟ್ಟೆನ್ ಎಂಬ ಕಲಾಶಿಕ್ಷಕರ ಶಿಷ್ಯೆಯಾದ ಆಕೆ, 1919ರಲ್ಲಿ ಗುರುವಿನ ಹಿಂದೆಯೇ ಜರ್ಮನಿಯ ವೈಮಾರ್‌ಗೆ ಹೋಗಿ, ಆಗಷ್ಟೇ ಆರಂಭವಾಗಿದ್ದ ಬೌಹೌಸ್ ಕಲಾಶಾಲೆ ಸೇರಿದರು. ಬರೆಯುವ ಮುನ್ನ ಉಸಿರನ್ನೂ ಮೈಯನ್ನೂ ಹದಕ್ಕೆ ತಂದುಕೊಳ್ಳಬೇಕು ಎಂಬುದು ಇಟ್ಟೆನ್ ಪಾಠ. ಅದು ಎಂಥ ಜಾಗದಲ್ಲಿ ಉಪಯೋಗಕ್ಕೆ ಬಂದೀತೆಂದು ಆಗ ಯಾರೂ ಊಹಿಸಿರಲಾರರು.

1934ರಲ್ಲಿ ವಿಯೆನ್ನಾದಲ್ಲಿ ಕಮ್ಯುನಿಸ್ಟ್ ಚಟುವಟಿಕೆಗಾಗಿ ಬಂಧನಕ್ಕೊಳಗಾದ ಫ್ರೀಡ್ಲ್, ಬಿಡುಗಡೆಯ ನಂತರ ಜೆಕೊಸ್ಲೊವಾಕಿಯದ ಪ್ರಾಗ್ ನಗರಕ್ಕೆ ವಲಸೆ ಹೋದರು. ಅಲ್ಲಿ ಪಾವೆಲ್ ಬ್ರಾಂಡೈಸ್ ಎಂಬವರನ್ನು ಮದುವೆಯಾದರು. ಹಿಟ್ಲರನ ಕಾಟಕ್ಕೆ ಊರು ಬಿಟ್ಟು ಬಂದವರ ಮಕ್ಕಳಿಗೆ ಚಿತ್ರ ಕಲಿಸಿದರು. ನಾಜಿಗಳು ಆ ದೇಶವನ್ನೂ ನುಂಗಿದ ಮೇಲೆ, 1942ರ ಡಿಸೆಂಬರಿನಲ್ಲಿ ದಂಪತಿಯನ್ನು ಪ್ರಾಗ್‌ನಿಂದ ಸುಮಾರು 60 ಕಿಲೋಮೀಟರ್ ದೂರದ ಟೆರೆಜಿನ್ ಎಂಬ ಹಳೆಯ ಕೋಟೆ ಪಟ್ಟಣಕ್ಕೆ ಸಾಗಿಸಲಾಯಿತು. ಯಹೂದಿಗಳನ್ನು ಕೂಡಿಹಾಕುವ ಬಂದೀಖಾನೆಯಾಗಿದ್ದ ಟೆರೆಜಿನ್‌ಗೆ ಯುದ್ಧ ಮುಗಿಯುವುದರೊಳಗೆ ಸುಮಾರು 1,40,000 ಜನ ಬಂದರು. ಅವರಲ್ಲಿ 33,000 ಮಂದಿ ಅಲ್ಲೇ ಸತ್ತರೆ, 88,000ದಷ್ಟು ಜನರನ್ನು ಆಶ್‌ವಿಟ್ಸ್ ಮೊದಲಾದ ಕೊಲೆ ಶಿಬಿರಗಳಿಗೆ ಕಳುಹಿಸಲಾಯಿತು.

ಒಬ್ಬೊಬ್ಬರು 50 ಕಿಲೋ ಸಾಮಾನು ಒಯ್ಯಬಹುದಿತ್ತು. ಫ್ರೀಡ್ಲ್ ತಮ್ಮ ಪಾಲಿನಲ್ಲಿ ಕಾಗದ, ಬಣ್ಣಗಳನ್ನು ತುಂಬಿಕೊಂಡು ಬಂದಿದ್ದರು. ಅಲ್ಲಿ ಮಕ್ಕಳಿಗೆ ಶಾಲೆಯ ಪಾಠ ಹೇಳುವುದಕ್ಕೆ ನಿಷೇಧವಿತ್ತು. ಹಾಡು, ಚಿತ್ರ, ಕೈಕೆಲಸಗಳಿಗೆ ಮಾತ್ರ ಅಡ್ಡಿಯಿರಲಿಲ್ಲ. ಚಿತ್ರದಿಂದ ಏನಾದೀತು ಎಂದು ಅಧಿಕಾರಿಗಳು ಭಾವಿಸಿರಬೇಕು.

ಎಲ್ 410 ಎಂಬ ಕಟ್ಟಡದಲ್ಲಿ ಹುಡುಗಿಯರು ಮೂರು ಅಂತಸ್ತಿನ ಮಂಚಗಳಲ್ಲಿ ಇಕ್ಕಟ್ಟಾಗಿ ಮಲಗುತ್ತಿದ್ದರು. ಫ್ರೀಡ್ಲ್ ಪಾಠ ನಡೆಯುತ್ತಿದ್ದುದು ಮುಖ್ಯವಾಗಿ ಅಲ್ಲೇ. ತಂದ ಕಾಗದ ಮುಗಿದಾಗ ಕಚೇರಿಯ ರದ್ದಿ ನಮೂನೆಗಳ ಹಿಂಬದಿ, ಸಾಮಾನು ಸುತ್ತಿದ ಕಾಗದ ಎಲ್ಲವೂ ಬಳಕೆಗೆ ಬಂದವು. ಬಣ್ಣವಿಲ್ಲದಾಗ ಕಾಗದದ ಚೂರುಗಳನ್ನೇ ಅಂಟಿಸಿ ಚಿತ್ರ ಮಾಡುತ್ತಿದ್ದರು.

ಮಕ್ಕಳಲ್ಲಿ ಅನೇಕರು ಅಪ್ಪ ಅಮ್ಮನಿಂದ ಬೇರೆಯಾದವರು. ನಿನ್ನೆ ಪಕ್ಕದಲ್ಲಿ ಮಲಗಿದ್ದ ಗೆಳತಿಯ ಮಂಚ ಇಂದು ಖಾಲಿ. ಇಂಥ ಮಕ್ಕಳ ಮುಂದೆ ಕಾಗದವಿಟ್ಟು 'ನಿನ್ನ ದುಃಖವನ್ನು ಬರೆ' ಎಂದರೆ ಮಗು ಇನ್ನಷ್ಟು ಮುದುಡಿಕೊಂಡೀತು. ಫ್ರೀಡ್ಲ್ ಹಾಗೆ ಮಾಡಲಿಲ್ಲ. ಮೇಜನ್ನು ತಾಳಬದ್ಧವಾಗಿ ತಟ್ಟಿ, ಆ ತಾಳವನ್ನು ಗೆರೆಗಳಲ್ಲಿ ಹಿಡಿಯುವಂತೆ ಹೇಳುತ್ತಿದ್ದರು. ಕಿವಿ ಕೇಳಿದ್ದನ್ನು ಕೈ ಹಿಂಬಾಲಿಸುವಾಗ ಚೆದುರಿದ ಮನಸ್ಸು ಒಂದೆಡೆ ನಿಲ್ಲುತ್ತದೆ. ಹೂವಿನ ಕುಂಡವನ್ನೋ ವಸ್ತುವೊಂದನ್ನೋ ಗಮನವಿಟ್ಟು ನೋಡಿ ಬರೆಯುವ ಅಭ್ಯಾಸವೂ ಇರುತ್ತಿತ್ತು. ಆಮೇಲೆ ಮಕ್ಕಳು ತಮಗೆ ಬೇಕಾದ್ದನ್ನು ಬರೆಯುತ್ತಿದ್ದರು. ಬಿಟ್ಟುಬಂದ ಮನೆ, ಊಟದ ಮೇಜು, ತೋಟ, ಚಿಟ್ಟೆ. ಕೆಲವರು ಕಾವಲುಗಾರರನ್ನು, ಮಂಚಗಳ ಸಾಲನ್ನು ಬರೆದರು. ಯಾವುದನ್ನೂ ಆಕೆ ತಿದ್ದುತ್ತಿರಲಿಲ್ಲ.

1943ರಲ್ಲಿ ಟೆರೆಜಿನ್‌ನಲ್ಲೇ ಮಕ್ಕಳ ಚಿತ್ರಗಳ ಬಗ್ಗೆ ಮಾಡಿದ ಉಪನ್ಯಾಸದಲ್ಲಿ, ಮಕ್ಕಳನ್ನು ತಮ್ಮಂತೆ ಮಾಡಿಬಿಡಲು ದೊಡ್ಡವರಿಗೆ ಏಕಿಷ್ಟು ಆತುರ ಎಂದು ಆಕೆ ಪ್ರಶ್ನಿಸಿದರು. ಬಂದೀಖಾನೆಯಲ್ಲಿ ಕುಳಿತವರು ಕೇಳಿದ ಈ ಪ್ರಶ್ನೆ ಮಕ್ಕಳನ್ನು ಬೇಸಿಗೆ ಶಿಬಿರಗಳಿಗೆ ಸೇರಿಸಿ ಬಹುಮಾನಕ್ಕೆ ಕಾಯುವ ನಮ್ಮ ಪಾಲಕರಿಗೂ ತಟ್ಟಬೇಕು.

ಇನ್ನೊಂದು ಸಂಗತಿಯಲ್ಲಿ ಮಾತ್ರ ಆಕೆ ಕಟ್ಟುನಿಟ್ಟು. ಚಿತ್ರದ ಮೇಲೆ ಮಕ್ಕಳು ತಮ್ಮ ಹೆಸರು ಬರೆಯಲೇಬೇಕು. ನಾಜಿಗಳ ಲೆಕ್ಕದಲ್ಲಿ ಪ್ರತಿ ಮಗುವೂ ಒಂದು ಸಾಗಣೆ ಸಂಖ್ಯೆ. ಚಿತ್ರದ ಮೂಲೆಯಲ್ಲಿ ಮಾತ್ರ ಅದಕ್ಕೊಂದು ಹೆಸರಿತ್ತು.

1944ರ ಸೆಪ್ಟೆಂಬರ್ 28ರಂದು ಪತಿಯನ್ನು ಆಶ್‌ವಿಟ್ಸ್‌ಗೆ ಕಳುಹಿಸಿದಾಗ, ತಾನೂ ಹೋಗುವೆನೆಂದು ಫ್ರೀಡ್ಲ್ ಹೆಸರು ಕೊಟ್ಟರು. ಹೊರಡುವ ಮುನ್ನ ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಬಚ್ಚಿಡಲಾಯಿತು. ಅಕ್ಟೋಬರ್ 6ರಂದು ಹೊರಟ ಆಕೆ ಅದೇ 9ರಂದು ವಿಷಾನಿಲ ಕೋಣೆಯಲ್ಲಿ ಕೊಲೆಯಾದರು. ಪತಿ ಬದುಕುಳಿದರು. ಯುದ್ಧದ ನಂತರ, 1945ರಲ್ಲಿ, ಹುಡುಗಿಯರ ವಸತಿಯ ಮೇಲ್ವಿಚಾರಕರಾಗಿದ್ದ ವಿಲ್ಲಿ ಗ್ರೋಗ್ ಈ ಚಿತ್ರಗಳನ್ನು ಪ್ರಾಗ್‌ಗೆ ತಂದರು. ಸುಮಾರು 4,500 ಚಿತ್ರಗಳು ಈಗ ಅಲ್ಲಿನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಮೂಲೆಯ ಹೆಸರುಗಳನ್ನು ಸಾಗಣೆ ಪಟ್ಟಿಗಳೊಂದಿಗೆ ತಾಳೆ ನೋಡಿ, ಬರೆದ ಮಕ್ಕಳನ್ನು ಗುರುತಿಸಲಾಗಿದೆ. ಹೆಚ್ಚಿನವರು ಹಿಂದಿರುಗಲಿಲ್ಲ.

ಪ್ರಾಗ್‌ನಲ್ಲಿ ಫ್ರೀಡ್ಲ್ ಜೊತೆ ನಿರಾಶ್ರಿತ ಮಕ್ಕಳಿಗೆ ಕಲಿಸಿದ್ದ ಶಿಷ್ಯೆ ಈಡಿತ್ ಕ್ರೇಮರ್ 1938ರಲ್ಲಿ ಅಮೆರಿಕಕ್ಕೆ ತಪ್ಪಿಸಿಕೊಂಡಿದ್ದರು. 1950ರಿಂದ ನ್ಯೂಯಾರ್ಕ್ ಪ್ರಾಂತ್ಯದ ವಿಲ್ಟ್‌ವಿಕ್ ಎಂಬ ವಸತಿಶಾಲೆಯಲ್ಲಿ ನೊಂದ, ಹಟಮಾರಿ ಹುಡುಗರೊಂದಿಗೆ ಕೆಲಸ ಮಾಡಿ, ಅಮೆರಿಕದಲ್ಲಿ ಕಲಾಚಿಕಿತ್ಸೆಗೆ ತಳಹದಿ ಹಾಕಿದವರಲ್ಲಿ ಒಬ್ಬರಾದರು. 2014ರಲ್ಲಿ ತೀರಿಕೊಂಡರು. ಅದೇ ಕ್ಷೇತ್ರದ ಮಾರ್ಗರೆಟ್ ನೌಮ್‌ಬರ್ಗ್ ಮಗುವಿನ ಚಿತ್ರವನ್ನು ಒಳಮನಸ್ಸಿನ ಸಂಕೇತವೆಂದು ಓದಿ, ಅದರ ಮೇಲೆ ಮಾತು ಬೆಳೆಸಬೇಕೆಂದರೆ, ಚಿತ್ರ ಬರೆಯುವ ಕ್ರಿಯೆಯೇ ಚಿಕಿತ್ಸೆ ಎಂಬುದು ಕ್ರೇಮರ್ ನಿಲುವು. ಹೊಡೆಯಲು ಎತ್ತಿದ ಕೈ ಜೇಡಿಮಣ್ಣಿನಲ್ಲಿ ಹುಲಿ ಮಾಡುವಾಗ ಸಿಟ್ಟು ಅಲ್ಲೇ ಇರುತ್ತದೆ, ಆದರೆ ಈಗ ಅದಕ್ಕೊಂದು ಆಕಾರವಿದೆ, ಹುಡುಗ ಅದನ್ನು ಎದುರಿಗಿಟ್ಟು ನೋಡಬಲ್ಲ. ಇಲ್ಲಿ ಶಿಕ್ಷಕರ ಪಾತ್ರವನ್ನು ಕ್ರೇಮರ್ 'ಮೂರನೆಯ ಕೈ' ಎಂದು ಕರೆದರು. ಹುಲಿಯ ಕಾಲು ಕುಸಿಯುತ್ತಿದ್ದರೆ ಒಳಗೊಂದು ಕಡ್ಡಿ ಸಿಕ್ಕಿಸಿ ನಿಲ್ಲಿಸಬಹುದು, ಹುಲಿಯನ್ನು ಹಸುವಾಗಿಸಬಾರದು.